ಎಲ್ಲ ಇದ್ದೂ ಬೆಂಗಳೂರಿನಲ್ಲಿ ಖುಷಿ ಇಲ್ಲ ಯಾಕೆ?

ಪ್ರಶ್ನೆ: ನಾನು ಕಡೂರಿನವಳು. ಮದುವೆಯಾಗಿ ಬೆಂಗಳೂರಿಗೆ ಬಂದು ಎಂಟು ವರ್ಷ ಆಯಿತು. ವರ್ತೂರಿನ ಹತ್ತಿರ ಅಪಾರ್ಟ್‌ಮೆಂಟಿನಲ್ಲಿ ಮೂರು ಬೆಡ್‌ರೂಮಿನ ಸ್ವಂತ ಮನೆ ಇದೆ. ಇಬ್ಬರಿಗೂ ಒಳ್ಳೆಯ ಸಂಬಳ. ಗಂಡನ ಆಫೀಸು ವೈಟ್‌ಫೀಲ್ಡಿನ ಐಟಿಪಿಎಲ್ ಟೆಕ್ ಪಾರ್ಕ್‌ನಲ್ಲಿ, ಸ್ಕೂಟರಿನಲ್ಲಿ ಹೋಗಿಬರುತ್ತಾರೆ. ನನ್ನದು ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ, ವಾರಕ್ಕೆ ನಾಲ್ಕು ದಿನ ಹೋಗಲೇಬೇಕು. ಐದು ವರ್ಷದ ಮಗಳಿದ್ದಾಳೆ. ಯಾವುದಕ್ಕೂ ಕೊರತೆ ಇಲ್ಲ. ಆದರೂ ಖುಷಿ ಅನ್ನುವುದು ಇಲ್ಲ. ಗಂಡನಿಗೆ ಈ ಊರು ತುಂಬಾ ಇಷ್ಟ. ‘ಎಲ್ಲ ಇದ್ದೂ ಕೊರಗೋದು ಯಾಕೆ’ ಅಂತ ಅತ್ತೆ ಕೇಳುತ್ತಾರೆ. ಸಮಸ್ಯೆ ನನ್ನಲ್ಲೇ ಇದೆಯಾ? ಕೆಲಸ ಬಿಟ್ಟು ಕಡೂರಿಗೆ ಹೋಗಿಬಿಡೋಣ ಅನ್ನಿಸುತ್ತದೆ. ಅಲ್ಲಿ ಹೋದರೆ ಸರಿಹೋಗುತ್ತದಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಎರಡು ಆಫೀಸುಗಳ ವಿಳಾಸ. ನಿಮ್ಮ ಗಂಡನ ಆಫೀಸು ಮನೆಯಿಂದ ಐದಾರು ಕಿಲೋಮೀಟರ್. ನಿಮ್ಮದು ಇಪ್ಪತ್ತಕ್ಕೂ ಜಾಸ್ತಿ, ಅದೂ ಹೊರ ವರ್ತುಲ ರಸ್ತೆಯಲ್ಲಿ. ಮಾರತ್ತಹಳ್ಳಿ, ಮಹದೇವಪುರ, ಟಿನ್ ಫ್ಯಾಕ್ಟರಿ, ಹೆಣ್ಣೂರು, ನಾಗವಾರ ಅಂತ ಒಂದೊಂದೇ ಜಂಕ್ಷನ್ ದಾಟಿಕೊಂಡು ಹೋಗಬೇಕು. ಒಂದೇ ಮನೆಯಲ್ಲಿದ್ದರೂ ನೀವಿಬ್ಬರು ಬದುಕುತ್ತಿರುವುದು ಬೇರೆ ಬೇರೆ ಬೆಂಗಳೂರಿನಲ್ಲಿ. ಅವರಿಗೆ ಇಷ್ಟವಾದ ಊರು ನಿಮಗೆ ಯಾಕೆ ಇಷ್ಟವಾಗಲಿಲ್ಲ ಅಂತ ನಿಮ್ಮ ಸ್ವಭಾವದಲ್ಲಿ ಕಾರಣ ಹುಡುಕುವ ಮೊದಲು, ನೀವು ಓಡಾಡುವ ರಸ್ತೆಯನ್ನು ನೋಡೋಣ.

ದೊಡ್ಡ ಊರಿನಲ್ಲಿ ಇರುವವರ ಖುಷಿ ಯಾವುದರಿಂದ ಬರುತ್ತದೆ ಅನ್ನುವ ವಿಚಾರವನ್ನು ವರ್ಷಗಟ್ಟಲೆ ಓದಿ, ಪಾಠ ಮಾಡಿ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಒಂದೇ. ಮನುಷ್ಯ ಕೆಲವಕ್ಕೆ ಬೇಗ ಒಗ್ಗಿಕೊಳ್ಳುತ್ತಾನೆ, ಕೆಲವಕ್ಕೆ ಎಷ್ಟು ವರ್ಷವಾದರೂ ಒಗ್ಗುವುದಿಲ್ಲ. ಮನೆ ದೊಡ್ಡದಾಯಿತು ಅನ್ನುವ ಸಂತೋಷಕ್ಕೆ ಬೇಗ ಒಗ್ಗಿಬಿಡುತ್ತೇವೆ. ಗೃಹಪ್ರವೇಶದ ದಿನ ಇದ್ದ ಹಿಗ್ಗು ಮುಂದಿನ ಯುಗಾದಿಯ ಹೊತ್ತಿಗೆ ಇರುವುದಿಲ್ಲ. ಮೂರನೇ ಬೆಡ್‌ರೂಮಿನಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಆದರೆ ಟ್ರಾಫಿಕ್ ಹಾಗಲ್ಲ. ಇವತ್ತು ಎಷ್ಟು ಹೊತ್ತಾಗುತ್ತದೋ ಗೊತ್ತಿಲ್ಲ, ನಾಳೆಯೂ ಗೊತ್ತಿಲ್ಲ. ಪ್ರತಿದಿನ ಹೊಸದಾಗಿ ಸಿಟ್ಟು, ಹೊಸದಾಗಿ ಆತಂಕ. ದೊಡ್ಡ ಶಬ್ದವೂ ಹೀಗೇ. ಹೊಸ ಹೆದ್ದಾರಿ ಬಂದ ಮೇಲೆ ಅಕ್ಕಪಕ್ಕದ ಮನೆಯವರನ್ನು ಅಮೆರಿಕದಲ್ಲಿ ಒಬ್ಬ ಸಂಶೋಧಕರು ಕೆಲವು ತಿಂಗಳಾದ ಮೇಲೆ ಒಮ್ಮೆ, ವರ್ಷ ಕಳೆದ ಮೇಲೆ ಇನ್ನೊಮ್ಮೆ ಮಾತಾಡಿಸಿದರು. ಜನರ ಕಿರಿಕಿರಿ ಕಮ್ಮಿಯಾಗಿರಲಿಲ್ಲ.

ನಾವು ಮನೆ ಕೊಳ್ಳುವಾಗ ಇದನ್ನೇ ತಿರುಗುಮುರುಗು ಮಾಡುತ್ತೇವೆ. ಬೇಗ ಒಗ್ಗಿಹೋಗುವ ವಸ್ತುವಿಗೆ, ಅಂದರೆ ಚದರಡಿ, ಕ್ಲಬ್ ಹೌಸು, ಈಜುಕೊಳಕ್ಕೆ, ದುಡ್ಡು ಕೊಡುತ್ತೇವೆ. ಎಂದೂ ಒಗ್ಗದ ಪ್ರಯಾಣವನ್ನು ಅದರ ಜೊತೆಗೇ ಕಟ್ಟಿಕೊಳ್ಳುತ್ತೇವೆ. ಸ್ವಿಟ್ಜರ್‌ಲೆಂಡಿನ ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೈ ಜರ್ಮನಿಯ ಜನರ ಬಗ್ಗೆ ವರ್ಷಗಟ್ಟಲೆ ಸಂಗ್ರಹಿಸಿದ ಮಾಹಿತಿ ಇಟ್ಟುಕೊಂಡು ಇದನ್ನು ಪರೀಕ್ಷಿಸಿದರು. 2008ರಲ್ಲಿ ಅವರ ಲೇಖನ ಪ್ರಕಟವಾಯಿತು. ದೂರದಿಂದ ಕೆಲಸಕ್ಕೆ ಹೋಗುವವರಿಗೆ ಅದಕ್ಕೆ ಬದಲಾಗಿ ಒಳ್ಳೆಯ ಮನೆಯೋ ಹೆಚ್ಚಿನ ಸಂಬಳವೋ ಸಿಕ್ಕಿರಬೇಕು, ಒಟ್ಟು ಸಮಾಧಾನ ಎಲ್ಲರದ್ದೂ ಒಂದೇ ಇರಬೇಕು ಅಂತ ಅರ್ಥಶಾಸ್ತ್ರ ಹೇಳುತ್ತದೆ. ಹಾಗಿರಲಿಲ್ಲ. ಪ್ರಯಾಣ ಉದ್ದವಾದಷ್ಟೂ ಜೀವನದ ಬಗ್ಗೆ ತೃಪ್ತಿ ಕಮ್ಮಿ ಇತ್ತು. ಲೆಕ್ಕ ತಾಳೆಯಾಗುತ್ತದೆ ಅಂತ ಜನ ಅಂದುಕೊಂಡಿದ್ದರು, ಆಗಿರಲಿಲ್ಲ.

2004ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು ಟೆಕ್ಸಾಸಿನ ಸುಮಾರು 900 ಉದ್ಯೋಗಸ್ಥ ಮಹಿಳೆಯರಿಗೆ ಒಂದು ಕೆಲಸ ಕೊಟ್ಟರು. ನಿನ್ನೆ ಬೆಳಗ್ಗೆಯಿಂದ ರಾತ್ರಿಯವರೆಗೆ ಏನೇನು ಮಾಡಿದಿರಿ, ಆಗ ಹೇಗನ್ನಿಸಿತು ಅಂತ ಒಂದೊಂದನ್ನೂ ಬರೆಯಿರಿ ಅಂದರು. ಪಟ್ಟಿಯ ತೀರಾ ಕೆಳಗೆ ಬಂದದ್ದು ಬೆಳಗಿನ ಪ್ರಯಾಣ. ಆಫೀಸಿನ ಕೆಲಸವೂ ಅದಕ್ಕಿಂತ ವಾಸಿ ಅನ್ನಿಸಿತ್ತು. ಅದು ಅಮೆರಿಕದ ರಸ್ತೆಗಳ ಮಾತು. ಬೆಂಗಳೂರಿನಲ್ಲಿ 2022ರಲ್ಲಿ ನಗರದ ಮಧ್ಯಭಾಗದಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 29 ನಿಮಿಷ ಬೇಕಾಗಿತ್ತು ಅಂತ ಜಗತ್ತಿನ ನಗರಗಳ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಸೂಚ್ಯಂಕ ಹೇಳಿತ್ತು. ಆ ವರ್ಷ ಲಂಡನ್ ಬಿಟ್ಟರೆ ನಮ್ಮದೇ ನಿಧಾನದ ನಗರ. ಸರಾಸರಿ ಅಂದರೆ ಅದರಲ್ಲಿ ನಡುರಾತ್ರಿಯ ಖಾಲಿ ರಸ್ತೆಯೂ ಸೇರಿದೆ. ಸಂಜೆ ಆರೂವರೆಗೆ ನಾಗವಾರದಲ್ಲಿ ಕ್ಯಾಬಿನೊಳಗೆ ಕೂತವರಿಗೆ ಆ ಸಂಖ್ಯೆ ತುಂಬಾ ಉದಾರ ಅನ್ನಿಸುತ್ತದೆ.

ಈಗ ನಿಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. 2011ರಲ್ಲಿ ಬ್ರಿಟನ್ನಿನಲ್ಲಿ ಒಂದು ಅಧ್ಯಯನ ಬಂತು. ಸಾವಿರಾರು ಕುಟುಂಬಗಳನ್ನು ವರ್ಷ ವರ್ಷವೂ ಮಾತಾಡಿಸಿದ ಮಾಹಿತಿ ಅದು. ಪ್ರಯಾಣದ ಸಮಯ ಹೆಚ್ಚಾದರೆ ಹೆಂಗಸರ ಮಾನಸಿಕ ಆರೋಗ್ಯಕ್ಕೆ ಪೆಟ್ಟು ಬೀಳುತ್ತದೆ, ಗಂಡಸರಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಹೆಂಗಸರಿಗೆ ಸಹನೆ ಕಮ್ಮಿ ಅಂತಲ್ಲ. ಮನೆಗೆಲಸ, ಮಕ್ಕಳ ಜವಾಬ್ದಾರಿ ಅವರ ಮೇಲೇ ಹೆಚ್ಚಿರುವುದೇ ಕಾರಣ ಇರಬೇಕು ಅಂತ ಸಂಶೋಧಕರು ಹೇಳಿದರು. ಯೋಚಿಸಿ ನೋಡಿ. ಕಾರು ಟಿನ್ ಫ್ಯಾಕ್ಟರಿ ಹತ್ತಿರ ನಿಂತಿದೆ. ಡೇಕೇರ್ ಏಳಕ್ಕೆ ಮುಚ್ಚುತ್ತದೆ. ಫ್ರಿಜ್‌ನಲ್ಲಿ ದೋಸೆ ಹಿಟ್ಟು ಇದೆಯೋ ಇಲ್ಲವೋ ನೆನಪಾಗುತ್ತಿಲ್ಲ. ನಾಳೆ ಮಗುವಿಗೆ ಬಣ್ಣದ ಕಾಗದ ಕಳಿಸಿ ಅಂತ ಟೀಚರ್ ಮೆಸೇಜ್ ಹಾಕಿದ್ದಾರೆ. ಇಂಥ ಹೊತ್ತಿನಲ್ಲಿ ಕಳೆದ ಅರ್ಧ ಗಂಟೆಯೂ, ಹಾಡು ಕೇಳುತ್ತಾ ಕೂತ ಅರ್ಧ ಗಂಟೆಯೂ ಒಂದೇ ಅಲ್ಲ ಅಲ್ವಾ? ‘ಎಲ್ಲ ಇದ್ದೂ ಕೊರಗೋದು ಯಾಕೆ’ ಅಂತ ಕೇಳಿದ ನಿಮ್ಮ ಅತ್ತೆಗೆ ಇದನ್ನು ಸಮಾಧಾನವಾಗಿ ಹೇಳಿ. ಎಲ್ಲ ಇದೆ ಅನ್ನುವ ಪಟ್ಟಿಯಲ್ಲಿ ಸಮಯ ಇಲ್ಲ.

ದುಡ್ಡಿನ ಮಾತನ್ನು ಬೇಗ ಮುಗಿಸುತ್ತೇನೆ. ಒಂದು ಮಟ್ಟ ದಾಟಿದ ಮೇಲೆ ದುಡ್ಡಿನಿಂದ ಖುಷಿ ಹೆಚ್ಚುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಇದಕ್ಕೆ ಮೂಲ 2010ರಲ್ಲಿ ಕಾನೆಮನ್ ಮತ್ತು ಆಂಗಸ್ ಡೀಟನ್ ಬರೆದ ಲೇಖನ. ಆದರೆ 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಅನ್ನುವವರ ಅಧ್ಯಯನದಲ್ಲಿ ಬೇರೆಯೇ ಕಂಡಿತು. 2023ರಲ್ಲಿ ಎರಡೂ ಕಡೆಯವರು ಒಟ್ಟಿಗೆ ಕೂತು ಮತ್ತೆ ಲೆಕ್ಕ ಹಾಕಿದರು. ಬಹುಪಾಲು ಜನರಿಗೆ ಆದಾಯ ಏರಿದ ಹಾಗೆ ಖುಷಿಯೂ ನಿಧಾನವಾಗಿ ಏರುತ್ತಲೇ ಹೋಗುತ್ತದೆ, ತೀರಾ ಬೇಸರದಲ್ಲಿರುವ ಸುಮಾರು ಐದನೇ ಒಂದು ಭಾಗದವರಿಗೆ ಮಾತ್ರ ಒಂದು ಹಂತದಲ್ಲಿ ನಿಂತುಬಿಡುತ್ತದೆ ಅಂತ ಒಪ್ಪಿದರು. ಅಂದರೆ ದುಡ್ಡು ಮುಖ್ಯ. ಆದರೆ ಬೇಸರಕ್ಕೆ ಬೇರೆ ಕಾರಣ ಇದ್ದಾಗ ಇನ್ನೊಂದು ಇನ್‌ಕ್ರಿಮೆಂಟಿನಿಂದ ಅದು ಹೋಗುವುದಿಲ್ಲ.

ದುಡ್ಡು ಖಂಡಿತ ಖುಷಿ ಕೊಡುವುದು ಇಲ್ಲದವರಿಗೆ. ನಿಮ್ಮ ಅಪಾರ್ಟ್‌ಮೆಂಟಿಗೆ ಮನೆಗೆಲಸಕ್ಕೆ ಬರುವ ಹೆಂಗಸರನ್ನೇ ನೋಡಿ. ಬಾಡಿಗೆ, ಮನೆ ಅಡ್ವಾನ್ಸ್, ನೀರಿನ ಟ್ಯಾಂಕರು ಇವು ಮೂರು ಸರಿಯಿದ್ದರೆ ಅವರ ತಿಂಗಳು ಚೆನ್ನಾಗಿರುತ್ತದೆ, ಒಂದು ಕೆಟ್ಟರೆ ತಿಂಗಳೇ ಕೆಡುತ್ತದೆ. 2024ರ ಬೇಸಿಗೆಯಲ್ಲಿ ನಗರದ ಅಂಚಿನಲ್ಲಿ ನೀರಿಗಾಗಿ ಪರದಾಡಿದವರಿಗೆ ನಗರದ ಸಂತೋಷ ಅಂದರೆ ನಲ್ಲಿಯಲ್ಲಿ ನೀರು ಬರುವುದೇ ಆಗಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿ ಬಸ್ಸಿನ ಪ್ರಯಾಣ ಉಚಿತವಾದಾಗ ಇಂಥ ಎಷ್ಟೋ ಹೆಂಗಸರಿಗೆ ಎರಡು ಸ್ಟಾಪ್ ದೂರದ ಮನೆಯ ಕೆಲಸವನ್ನೂ ಹಿಡಿಯಲು ಆಯಿತು, ನಡೆಯುವ ಸುಸ್ತು ತಪ್ಪಿತು. ನಗರದ ಖುಷಿ ಬರೀ ನಮ್ಮ ನಿಮ್ಮ ಮನಸ್ಸಿನ ವಿಚಾರ ಅಂದುಕೊಳ್ಳುವವರು ಇದನ್ನು ಗಮನಿಸಬೇಕು. ಅದರ ದೊಡ್ಡ ಪಾಲು ಬಸ್ಸು, ನೀರು, ಫುಟ್‌ಪಾತಿನಲ್ಲಿದೆ. ಧ್ಯಾನದ ಆ್ಯಪ್ ಕೊಟ್ಟು ಅದನ್ನು ಸರಿದೂಗಿಸಲು ಆಗುವುದಿಲ್ಲ.

ಇನ್ನು ಜನರ ವಿಚಾರ. ಇದೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ‘ನನಗೆ ಯಾರೂ ಇಲ್ಲ’ ಅಂತ ನೀವು ಬರೆದಿಲ್ಲ. ಗಂಡ, ಮಗಳು, ಆಫೀಸಿನ ಸ್ನೇಹಿತರು ಎಲ್ಲ ಇದ್ದಾರೆ. ಆದರೆ ಪತ್ರದಲ್ಲಿ ಒಬ್ಬರೇ ಒಬ್ಬ ಪಕ್ಕದ ಮನೆಯವರ ಸುದ್ದಿ ಇಲ್ಲ, ಒಂದು ಅಂಗಡಿಯ ಹೆಸರಿಲ್ಲ.

ಆತ್ಮೀಯರು ಬೇಕು, ಅದು ಎಲ್ಲರಿಗೂ ಗೊತ್ತು. ಹಾರ್ವರ್ಡ್‌ನಲ್ಲಿ 1938ರಿಂದ ಒಂದೇ ಗುಂಪಿನ ಜನರನ್ನು, ಆಮೇಲೆ ಅವರ ಮಕ್ಕಳನ್ನು ಗಮನಿಸುತ್ತಾ ಬಂದ ಅಧ್ಯಯನ ಸಂಬಂಧಗಳು ಚೆನ್ನಾಗಿದ್ದವರೇ ಖುಷಿಯಾಗಿ, ಆರೋಗ್ಯವಾಗಿ ಇದ್ದರು ಅಂತ ಹೇಳಿದೆ. ಇದರ ಜೊತೆಗೆ ಇನ್ನೊಂದು ಬಗೆಯ ಜನ ಬೇಕು. ಅರ್ಧ ಪರಿಚಯದವರು. ಹೆಸರು ಗೊತ್ತಿರುವುದಿಲ್ಲ, ಮುಖ ಗೊತ್ತಿರುತ್ತದೆ. ಕೆನಡಾದ ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ 2014ರಲ್ಲಿ ತೋರಿಸಿದ್ದು ಇದನ್ನೇ. ಇಂಥ ಅರ್ಧ ಪರಿಚಯದವರ ಜೊತೆ ಹೆಚ್ಚು ಸಲ ಮಾತಾಡಿದ ದಿನ ಜನ ಹೆಚ್ಚು ಖುಷಿಯಾಗಿದ್ದರು. ಅದೇ ವರ್ಷ ಶಿಕಾಗೋದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ರೈಲಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತರ ಜೊತೆ ಮಾತಾಡಿ ಅಂತ ಕೆಲವರಿಗೆ, ಸುಮ್ನೆ ಇರಿ ಅಂತ ಕೆಲವರಿಗೆ ಹೇಳಿದರು. ಸುಮ್ಮನಿದ್ದರೇ ಹಾಯಾಗಿರುತ್ತದೆ ಅಂತ ಜನ ಊಹಿಸಿದ್ದರು. ಆದದ್ದು ಉಲ್ಟಾ, ಮಾತಾಡಿದವರ ಪ್ರಯಾಣವೇ ಚೆನ್ನಾಗಿತ್ತು.

ಬೆಂಗಳೂರಿನ ದರ್ಶಿನಿಯನ್ನು ಬೆಳಗ್ಗೆ ಏಳು ಗಂಟೆಗೆ ನಿಂತು ನೋಡಿ. ಸ್ಟೀಲಿನ ಮೇಜಿನ ಸುತ್ತ ನಾಲ್ಕು ಜನ ನಿಂತಿರುತ್ತಾರೆ. ಒಬ್ಬರು ವಾಕಿಂಗ್ ಮುಗಿಸಿ ಬಂದ ನಿವೃತ್ತರು, ಒಬ್ಬ ಆಟೋದವನು, ಒಬ್ಬ ಕಾಲೇಜು ಹುಡುಗಿ, ಒಬ್ಬ ಪೇಪರ್ ಹಾಕುವ ಹುಡುಗ. ಇನ್ನೊಬ್ಬರು ತಟ್ಟೆ ಹಿಡಿದು ಬಂದರೆ ಏನೂ ಹೇಳದೇ ಸರಿದು ಜಾಗ ಕೊಡುತ್ತಾರೆ. ಕಾಫಿ ಕೌಂಟರಿನವನು ಮುಖ ನೋಡಿಯೇ ‘ಸಕ್ಕರೆ ಕಮ್ಮಿ ಅಲ್ವಾ ಸಾರ್’ ಅನ್ನುತ್ತಾನೆ. ನಿನ್ನೆ ಬರದಿದ್ದರೆ ‘ನಿನ್ನೆ ಕಾಣ್ಲಿಲ್ಲ’ ಅನ್ನುತ್ತಾನೆ. ಒಂದು ಕೋಟಿಗೂ ಹೆಚ್ಚು ಜನ ಇರುವ ಊರಿನಲ್ಲಿ ನಾನು ಒಂದು ದಿನ ಕಾಣಲಿಲ್ಲ ಅಂತ ಒಬ್ಬರಿಗೆ ಗೊತ್ತಾಯಿತು. ಇದಕ್ಕೆ ಸಮನಾದದ್ದು ಯಾವ ಕ್ಲಬ್ ಹೌಸಿನಲ್ಲೂ ಇಲ್ಲ.

ಹಳೇ ಬಡಾವಣೆಗಳಲ್ಲಿ ಇದು ತಾನಾಗಿಯೇ ಆಗುತ್ತದೆ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಹೊತ್ತಿನಲ್ಲಿ ರೂಪುಗೊಂಡ ಬಡಾವಣೆಗಳು. ಗಾಳಿ ಬೆಳಕು ಇರಲಿ ಅಂತ ಅಗಲ ರಸ್ತೆ ಮಾಡಿದರು. ಆಮೇಲೆ ದೇವಸ್ಥಾನ, ಮಾರ್ಕೆಟ್ಟು, ಪಾರ್ಕು ಎಲ್ಲ ನಡೆದು ಹೋಗುವಷ್ಟು ಹತ್ತಿರದಲ್ಲೇ ಬೆಳೆದವು. ನಡೆಯುವವರು ಒಬ್ಬರನ್ನೊಬ್ಬರು ನೋಡುತ್ತಾರೆ, ದಿನಾ ನೋಡಿದವರು ಒಂದು ದಿನ ನಗುತ್ತಾರೆ. ನಿಮ್ಮ ಕಡೆ ಹಾಗಲ್ಲ. ಬೇಸ್‌ಮೆಂಟಿನಿಂದ ಕಾರು ಗೇಟು ದಾಟಿದರೆ ನೇರ ಮುಖ್ಯರಸ್ತೆ. ದಿನಸಿ ಆ್ಯಪ್‌ನಲ್ಲಿ ಬರುತ್ತದೆ, ತರಕಾರಿಯೂ ಆ್ಯಪ್‌ನಲ್ಲಿ ಬರುತ್ತದೆ. ಬಾಗಿಲಿಗೆ ತಂದುಕೊಟ್ಟವನ ಮುಖ ಎರಡನೇ ಸಲ ಕಾಣುವುದಿಲ್ಲ. ಅನುಕೂಲ ನಿಜ, ಸಮಯ ಉಳಿಯುವುದೂ ನಿಜ. ಆದರೆ ಮನೆಯಿಂದ ಆಫೀಸಿನವರೆಗೆ ನಿಮ್ಮನ್ನು ಗುರುತು ಹಿಡಿಯುವವರು ಯಾರೂ ಉಳಿಯುವುದಿಲ್ಲ. ಎಂಟು ವರ್ಷ ಇದ್ದೂ ಊರು ನನ್ನದು ಅನ್ನಿಸದಿದ್ದರೆ ಅದಕ್ಕೆ ಇದು ದೊಡ್ಡ ಕಾರಣ.

ಹಾಗಂತ ಕಡೂರೇ ವಾಸಿ ಅಂತ ಹೇಳಲಾರೆ. ಸಣ್ಣ ಊರಿನಲ್ಲಿ ಗುರುತು ಇರುತ್ತದೆ, ಕಣ್ಗಾವಲೂ ಇರುತ್ತದೆ. ಯಾವಾಗ ಬಂದೆ, ಯಾಕೆ ಬಂದೆ, ಗಂಡ ಬರಲಿಲ್ವಾ, ಎರಡನೇದು ಯಾವಾಗ ಅನ್ನುವ ಪ್ರಶ್ನೆಗಳು ಎರಡು ದಿನದ ಹಬ್ಬಕ್ಕೆ ಪ್ರೀತಿಯಾಗಿ ಕೇಳಿಸುತ್ತವೆ, ವರ್ಷವಿಡೀ ಹಾಗೆ ಕೇಳಿಸುತ್ತವೆ ಅಂತಿಲ್ಲ. ಬೆಂಗಳೂರು ಎಷ್ಟೋ ಜನಕ್ಕೆ ಖುಷಿ ಕೊಟ್ಟಿರುವುದೇ ಯಾರೂ ಕೇಳುವುದಿಲ್ಲ ಅನ್ನುವ ಕಾರಣಕ್ಕೆ. ಮದುವೆ ಬೇಡ ಅಂದ ಹೆಣ್ಣುಮಕ್ಕಳು, ಜಾತಿ ಕೇಳದೇ ಬಾಡಿಗೆ ಕೊಡುವ ಮನೆ ಹುಡುಕಿ ಕೊನೆಗೂ ಪಡೆದವರು, ಊರಿನಲ್ಲಿ ಓದಿದ ಓದಿಗೆ ಕೆಲಸವೇ ಇಲ್ಲದಿದ್ದವರು, ಇವರೆಲ್ಲ ಉಸಿರಾಡಿದ್ದು ಇಲ್ಲಿ. ನಿಮ್ಮ ಕೈಯಲ್ಲಿರುವ ಸ್ವಂತ ಸಂಬಳವೂ ಈ ಊರು ಕೊಟ್ಟದ್ದು. ಅದನ್ನು ಸುಲಭಕ್ಕೆ ಬಿಡಬೇಡಿ.

ಇನ್ನೊಂದು ಎಚ್ಚರ. 1998ರಲ್ಲಿ ಕಾನೆಮನ್ ಮತ್ತು ಡೇವಿಡ್ ಶ್ಕೇಡ್ ಅಮೆರಿಕದ ಮಧ್ಯಪಶ್ಚಿಮದ ವಿದ್ಯಾರ್ಥಿಗಳನ್ನೂ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳನ್ನೂ ಕೇಳಿದರು. ಕ್ಯಾಲಿಫೋರ್ನಿಯಾದವರೇ ಹೆಚ್ಚು ಖುಷಿಯಾಗಿರುತ್ತಾರೆ ಅಂತ ಎರಡೂ ಕಡೆಯವರು ಹೇಳಿದರು. ತಮ್ಮ ತಮ್ಮ ಜೀವನದ ತೃಪ್ತಿ ಕೇಳಿದರೆ ಎರಡು ಕಡೆಯೂ ಒಂದೇ. ಬೇರೆ ಊರಿನ ಬಗ್ಗೆ ಯೋಚಿಸುವಾಗ ಎದ್ದು ಕಾಣುವ ಒಂದು ಸಂಗತಿಯನ್ನೇ ನೋಡುತ್ತೇವೆ, ಅವರಿಗೆ ಕ್ಯಾಲಿಫೋರ್ನಿಯಾದ ಬಿಸಿಲು, ನಿಮಗೆ ಕಡೂರಿನ ತೆಂಗಿನ ತೋಟ ಮತ್ತು ಅಮ್ಮನ ಅಡುಗೆ. ನೀವು ಕಡೂರಿಗೆ ಹೋಗುವುದು ರಜೆಯಲ್ಲಿ. ಕೆಲಸವಿಲ್ಲದ, ಸಂಬಳವಿಲ್ಲದ ಒಂದು ಮಾಮೂಲಿ ಮಂಗಳವಾರ ಅಲ್ಲಿ ಹೇಗಿರುತ್ತದೆ ಅಂತ ಕಲ್ಪಿಸಿಕೊಂಡಿದ್ದೀರಾ?

ಹೋಲಿಕೆಯ ಕಾಟವನ್ನೂ ಹೇಳಬೇಕು. 2005ರಲ್ಲಿ ಎರ್ಜೋ ಲುಟ್ಮರ್ ಅನ್ನುವ ಅರ್ಥಶಾಸ್ತ್ರಜ್ಞರು ಅಮೆರಿಕದ ಮಾಹಿತಿಯಿಂದ ತೋರಿಸಿದಂತೆ, ನಮ್ಮ ಆದಾಯ ಅಷ್ಟೇ ಇದ್ದು ಸುತ್ತಲಿನವರ ಆದಾಯ ಹೆಚ್ಚಾದರೆ ನಮ್ಮ ಖುಷಿ ಇಳಿಯುತ್ತದೆ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರದ್ದೋ ಹೊಸ ಕಾರು, ಯಾರದ್ದೋ ಬಾಲಿ ಪ್ರವಾಸ, ಯಾರ ಮಗುವೋ ಕೋಡಿಂಗ್ ಕಲಿತದ್ದು. ಅದನ್ನು ಮ್ಯೂಟ್ ಮಾಡಿ, ನೀರು ಕರೆಂಟಿನ ಸೂಚನೆ ಇದ್ದರೆ ಗಂಡ ನೋಡಿ ಹೇಳಲಿ.

ಈಗ ಏನು ಮಾಡಬಹುದು? ನಿಮಗೆ ನನ್ನ ನೇರ ಸಲಹೆ, ಕೆಲಸ ಬಿಡಬೇಡಿ, ಮನೆ ಬದಲಿಸಿ. ಸ್ವಂತ ಮನೆಯನ್ನು ಬಾಡಿಗೆಗೆ ಕೊಡಿ. ನೀವು ಕಸ್ತೂರಿನಗರ, ರಾಮಮೂರ್ತಿನಗರ, ಬಾಣಸವಾಡಿ ಕಡೆ ಬಾಡಿಗೆ ಮನೆ ನೋಡಿ. ಎರಡೇ ಬೆಡ್‌ರೂಮ್ ಇರಲಿ. ಅಲ್ಲಿಂದ ಮಾನ್ಯತಾ ನಿಮಗೆ ಈಗಿನ ಅರ್ಧದಷ್ಟು ದೂರವೂ ಆಗುವುದಿಲ್ಲ. ನೇರಳೆ ಮೆಟ್ರೋ 2023ರ ಅಕ್ಟೋಬರ್‌ನಿಂದ ಬೈಯಪ್ಪನಹಳ್ಳಿ, ಬೆನ್ನಿಗಾನಹಳ್ಳಿ, ಕೆ.ಆರ್. ಪುರ ದಾಟಿ ವೈಟ್‌ಫೀಲ್ಡ್‌ವರೆಗೆ ಒಂದೇ ಸಮನೆ ಓಡುತ್ತಿದೆ. ಐಟಿಪಿಎಲ್ ಪಕ್ಕದಲ್ಲೇ ನಿಲ್ದಾಣ ಇದೆ. ನಿಮ್ಮ ಗಂಡನ ಪ್ರಯಾಣ ಈಗಿನದಕ್ಕಿಂತ ಸ್ವಲ್ಪ ಉದ್ದವಾಗುತ್ತದೆ. ಆದರೆ ಮೆಟ್ರೋದಲ್ಲಿ ಎಷ್ಟು ಹೊತ್ತಿಗೆ ತಲುಪುತ್ತೇನೆ ಅಂತ ಗೊತ್ತಿರುತ್ತದೆ, ರಸ್ತೆಯ ಪ್ರಯಾಣದಷ್ಟು ಅದು ಹಿಂಡುವುದಿಲ್ಲ. ಮನೆಯ ಭಾರವನ್ನು ಇಬ್ಬರೂ ಹೊರುವುದು ಅಂದರೆ ಇದೂ ಸೇರಿತು. ಸ್ವಂತ ಮನೆ ಇದ್ದು ಬಾಡಿಗೆಗೆ ಹೋಗೋದಾ ಅಂತ ನೆಂಟರು ಕೇಳುತ್ತಾರೆ. ಕೇಳಲಿ.

ಅದು ಆಗುವವರೆಗೆ ಡೇಕೇರಿನಿಂದ ಮಗಳನ್ನು ಕರೆತರುವುದು, ರಾತ್ರಿಯ ಅಡುಗೆ, ಶಾಲೆಯ ಮೆಸೇಜುಗಳು ಇವು ಹತ್ತಿರದ ಆಫೀಸಿನವರ, ಅಂದರೆ ನಿಮ್ಮ ಗಂಡನ ಪಾಲಿಗೆ ಹೋಗಲಿ. ಸಹಾಯ ಮಾಡುತ್ತೇನೆ ಅನ್ನುವ ಮಾತಲ್ಲ, ಪೂರ್ತಿ ಜವಾಬ್ದಾರಿ. ನೆನಪಿಟ್ಟುಕೊಳ್ಳುವುದೂ ಅವರದೇ. ಬಣ್ಣದ ಕಾಗದ ನಿಮ್ಮ ತಲೆಯಿಂದ ಇಳಿಯಬೇಕು.

ಮುಖಗಳನ್ನು ಸಂಪಾದಿಸಿಕೊಳ್ಳಿ. ತರಕಾರಿಯನ್ನಾದರೂ ಆ್ಯಪ್ ಬಿಟ್ಟು ಒಂದೇ ಅಂಗಡಿಯಲ್ಲಿ, ಒಂದೇ ಹೊತ್ತಿಗೆ ಹೋಗಿ ತನ್ನಿ. ಹೂವಿನವರ ಹತ್ತಿರ ಒಂದು ಮೊಳ ಹೂವು ತೆಗೆದುಕೊಳ್ಳಿ. ಬೇರೆ ಬೇರೆ ಕಡೆ ಹೋದರೆ ಆಗುವುದಿಲ್ಲ, ಅದೇ ಜಾಗ ಮುಖ್ಯ. ಹಸಿರಿನ ಜೊತೆ ಇದ್ದರೆ ಇನ್ನೂ ಒಳ್ಳೆಯದು. ಇಂಗ್ಲೆಂಡಿನಲ್ಲಿ ಸುಮಾರು 20,000 ಜನರನ್ನು ಕೇಳಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರಕ್ಕೆ 120 ನಿಮಿಷವಾದರೂ ಮರಗಿಡಗಳ ನಡುವೆ ಇದ್ದವರು ಹೆಚ್ಚು ನೆಮ್ಮದಿಯಲ್ಲಿದ್ದರು. ಒಂದೇ ಸಲವಾದರೂ ಸರಿ, ಹತ್ತಾರು ಸಲವಾದರೂ ಸರಿ. ಶನಿವಾರ ಬೆಳಗ್ಗೆ ಮಗಳನ್ನು ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗಿ. ಮರದ ಕೆಳಗೆ ಸುಮ್ನೆ ಪುಸ್ತಕ ಓದಲು ಸೇರುವ ಗುಂಪು 2023ರಿಂದ ಅಲ್ಲಿದೆ. ಯಾರೂ ಯಾರನ್ನೂ ಮಾತಾಡಿಸಲೇಬೇಕು ಅಂತಿಲ್ಲ, ಪಕ್ಕದಲ್ಲಿ ಕೂತರೆ ಸಾಕು.

ಸಮಸ್ಯೆ ನನ್ನಲ್ಲೇ ಇದೆಯಾ ಅಂತ ಕೇಳಿದ್ದೀರಿ. ನಿಮ್ಮ ಪತ್ರ ಓದಿದರೆ ನನಗೆ ಹಾಗೆ ಅನ್ನಿಸುವುದಿಲ್ಲ. ಆದರೆ ಒಂದು ವಿಷಯ ನೀವೇ ನೋಡಿಕೊಳ್ಳಬೇಕು. ರಜೆಯಲ್ಲಿ, ಪ್ರಯಾಣ ಇಲ್ಲದ ದಿನಗಳಲ್ಲಿ ಮನಸ್ಸು ಹಗುರಾಗುತ್ತದಾ? ಆಗುತ್ತಿದ್ದರೆ ದಿನಚರಿ ಬದಲಿಸಿದರೆ ಬಹಳಷ್ಟು ಸರಿಹೋಗುತ್ತದೆ. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಕೆಟ್ಟಿದೆ, ಮಗಳ ಜೊತೆ ಆಡುವಾಗಲೂ ಏನೂ ಅನ್ನಿಸುವುದಿಲ್ಲ, ಬದುಕೇ ಬೇಡ ಅನ್ನಿಸುತ್ತದೆ ಅಂತಾದರೆ ಅದು ಬೇರೆ, ಅದಕ್ಕೆ ಚಿಕಿತ್ಸೆ ಇದೆ. ಕಾಯಬೇಡಿ. 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರಲ್ಲಿ ಶುರುವಾಯಿತು, ಹಗಲೂ ರಾತ್ರಿಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ಆಸ್ಪತ್ರೆಯೂ ಇದೇ ಊರಿನಲ್ಲಿದೆ.

ಮನೆ ಬದಲಿಸುವುದಾದರೆ ಭಾನುವಾರ ಮನೆ ನೋಡಲು ಹೋಗಬೇಡಿ. ಭಾನುವಾರ ಬೆಂಗಳೂರಿನ ಎಲ್ಲ ರಸ್ತೆಯೂ ಚೆನ್ನಾಗಿರುತ್ತದೆ. ಬುಧವಾರ ಸಂಜೆ ಆಫೀಸಿನಿಂದ ನೇರ ಅಲ್ಲಿಗೆ ಹೋಗಿ, ಎಷ್ಟು ಹೊತ್ತಾಯಿತು ನೋಡಿ. ಬಾಗಿಲಿನಿಂದ ಹತ್ತು ನಿಮಿಷ ನಡೆದರೆ ತರಕಾರಿ, ಮೆಡಿಕಲ್ ಶಾಪ್, ಒಂದು ಪಾರ್ಕು, ಕಾಫಿ ಸಿಗುವ ಜಾಗ ಇದೆಯಾ, ಮಗಳ ಕೈ ಹಿಡಿದು ನಡೆಯುವಷ್ಟು ಫುಟ್‌ಪಾತ್ ಇದೆಯಾ ನೋಡಿ. ಕಿಟಕಿ ತೆಗೆದು ಹತ್ತು ನಿಮಿಷ ಶಬ್ದ ಕೇಳಿ. ಗಂಡನೂ ಜೊತೆಗಿರಲಿ. ಮಗಳಿಗೆ ಆ ಕಡೆ ಶಾಲೆಯಲ್ಲಿ ಸೀಟು ಬೇಕಾದರೆ ಜೂನ್‌ವರೆಗೆ ಕಾಯುವ ಹಾಗಿಲ್ಲ, ಈಗಲೇ ವಿಚಾರಿಸಲು ಶುರು ಮಾಡಿ.